ಹಳೆಯ ಚೀನೀ ಹೋಟೆಲಿನ ಮಧ್ಯಾಹ್ನದ ಊಟಕ್ಕೆ ಬಿದ್ದ ಕೆಂಪು ಚುಕ್ಕೆ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಎರಡು ವಾರಗಳ ಹಿಂದಿನ ಪುರವಣಿಯಲ್ಲಿ ಚೀನೀ ಊಟ ಸಿಗುವ ಹೋಟೆಲುಗಳ ಪಟ್ಟಿಯೊಂದು ಪ್ರಕಟವಾಗಿತ್ತು. ಒಳಾಂಗಣದ ಅಂದ, ಊಟ ಬಂದು ತಲುಪುವ ವೇಗ, ತಿನಿಸುಗಳ ಹೊಸತನ ಹೀಗೆ ಒಂದೊಂದಕ್ಕೂ ಅಂಕ ಕೊಟ್ಟಿದ್ದ ಆ ಪಟ್ಟಿಯ ತುದಿಯಲ್ಲಿ ‘ಅಜಿನೊಮೊಟೊ’ ಎಂಬ ಪ್ರತ್ಯೇಕ ಅಂಕಣವಿತ್ತು. ರುಚಿ ಹೆಚ್ಚಿಸಲು ಅಡುಗೆಗೆ ಹಾಕುವ ಆ ಪುಡಿಯನ್ನು ಬಳಸುವುದಿಲ್ಲವೆಂದು ಹೇಳಿಕೊಂಡ ಹೋಟೆಲುಗಳ ಮುಂದೆ ಹಸಿರು ಚುಕ್ಕೆಯನ್ನೂ, ಬಳಸುತ್ತೇವೆಂದು ಒಪ್ಪಿಕೊಂಡವರ ಮುಂದೆ ಕೆಂಪು ಚುಕ್ಕೆಯನ್ನೂ ಇಡಲಾಗಿತ್ತು. ಕೆಂಪು ಚುಕ್ಕೆ ಬಿದ್ದದ್ದು ಒಂದೇ ಒಂದು ಹೋಟೆಲಿಗೆ. ಪಟ್ಟಿಯಲ್ಲಿದ್ದ ಎಲ್ಲಕ್ಕಿಂತ ಹಳೆಯದೂ ಅದೇ. ಸುಮಾರು ಮೂವತ್ತು ವರ್ಷಗಳಿಂದ ವಾರಕ್ಕೊಮ್ಮೆಯಾದರೂ ಮಧ್ಯಾಹ್ನದ ಊಟವನ್ನು ಅಲ್ಲಿಯೇ ಮಾಡುತ್ತ ಬಂದಿರುವ ನನಗೆ ಆ ಚುಕ್ಕೆ ನೋಡಿ ಬಹಳ ನೋವಾಯಿತು. ಹೋಟೆಲಿನ ಹೆಸರನ್ನು ಇಲ್ಲಿ ಬೇಕೆಂದೇ ಬರೆದಿಲ್ಲ. ಅದರ ಪ್ರಚಾರ ನನ್ನ ಉದ್ದೇಶವಲ್ಲ. ನಾನು ಹೇಳಬೇಕೆಂದಿರುವ ಮಾತು ಬಹುಕಾಲದಿಂದ ನಡೆದುಕೊಂಡು ಬಂದಿರುವ ಇಂಥ ಯಾವ ಚೀನೀ ಹೋಟೆಲಿಗಾದರೂ ಸಲ್ಲುತ್ತದೆ.

ಪಟ್ಟಿ ಪ್ರಕಟವಾದ ಮೂರನೆಯ ದಿನ ಮಧ್ಯಾಹ್ನ ನಾನು ಅಲ್ಲಿ ಸೂಪು ಕುಡಿಯುತ್ತಿದ್ದೆ. ಪಕ್ಕದ ಮೇಜಿನಲ್ಲಿ ಆಗಷ್ಟೇ ಬಂದು ಕುಳಿತಿದ್ದ ಗ್ರಾಹಕರೊಬ್ಬರು ಎದ್ದು ಗಲ್ಲಾಪೆಟ್ಟಿಗೆಯ ಬಳಿಗೆ ಹೋಗಿ, ಎಲ್ಲರಿಗೂ ಕೇಳಿಸುವಂತೆ, “ನೀವು ಟೇಸ್ಟಿಂಗ್ ಪೌಡರ್ ಹಾಕುತ್ತೀರಂತೆ, ಹೌದೋ ಅಲ್ಲವೋ ಹೇಳಿ” ಎಂದರು. ತಂದೆಯಿಂದ ಆ ಹೋಟೆಲನ್ನು ವಹಿಸಿಕೊಂಡು ನಡೆಸುತ್ತಿರುವ, ಈಗ ಎಪ್ಪತ್ತು ದಾಟಿರುವ ಯಜಮಾನರು ಹೌದೆಂದು ಒಪ್ಪಿಕೊಂಡು, ಬೇಡವಾದರೆ ಹಾಕದೆಯೇ ಮಾಡಿಸಿಕೊಡುತ್ತೇನೆ ಎಂದರು. ಆ ಗ್ರಾಹಕರು ಅದಕ್ಕೆ ಕಿವಿಗೊಡದೆ ಜೊತೆಗಿದ್ದ ಇಬ್ಬರನ್ನೂ ಎಬ್ಬಿಸಿಕೊಂಡು ಹೊರಟುಹೋದರು. ಬಿಲ್ಲು ಕೊಡುವಾಗ ಏನಾದರೂ ಸಮಾಧಾನದ ಮಾತು ಆಡಬೇಕೆಂದು ನಾನು ತಡವರಿಸುತ್ತಿದ್ದಾಗ ಯಜಮಾನರೇ ತಗ್ಗಿದ ದನಿಯಲ್ಲಿ, “ಹಾಕುವುದಿಲ್ಲ ಅಂದರೆ ಸುಳ್ಳು ಹೇಳಿದ ಹಾಗಾಗುತ್ತದೆ ಸರ್, ಹಾಕುತ್ತೇವೆ ಅಂದರೆ ಜನ ಎದ್ದು ಹೋಗುತ್ತಾರೆ” ಎಂದರು. ಮುಂದಿನ ವಾರ ಹೋದಾಗ ಬಾಗಿಲ ಪಕ್ಕದ ಗೋಡೆಯ ಮೇಲೆ, ‘ಅಜಿನೊಮೊಟೊ ಬೇಡವಾದವರು ದಯವಿಟ್ಟು ಮೊದಲೇ ತಿಳಿಸಿ’ ಎಂಬ ಕೈಬರಹದ ಚೀಟಿ ಅಂಟಿತ್ತು. ಮೂವತ್ತು ವರ್ಷಗಳಲ್ಲಿ ಆ ಗೋಡೆಯ ಮೇಲೆ ಕ್ಯಾಲೆಂಡರನ್ನು ಬಿಟ್ಟು ಬೇರೇನನ್ನೂ ನಾನು ಕಂಡಿರಲಿಲ್ಲ.

ಈ ಪುಡಿಯಿಂದ ಆರೋಗ್ಯ ಕೆಡುತ್ತದೆಂಬ ಅನುಮಾನ ಎಂದು, ಎಲ್ಲಿ ಹುಟ್ಟಿತೆಂಬುದಕ್ಕೆ ಖಚಿತ ದಾಖಲೆಯಿದೆ. ಅದು ಹುಟ್ಟಿದ್ದು ಸಂಪಾದಕರಿಗೆ ಬರೆದ ಪತ್ರವೊಂದರಿಂದ. ಆ ಕಾರಣಕ್ಕಾಗಿಯೇ ಅದರ ಬಗ್ಗೆ ಸಂಪಾದಕರಿಗೆ ಪತ್ರ ಬರೆಯುವುದು ಸರಿಯೆಂದು ನನಗೆ ತೋರಿತು. 1968ರ ಏಪ್ರಿಲ್ ತಿಂಗಳಿನಲ್ಲಿ ಅಮೆರಿಕದ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಡಾ. ರಾಬರ್ಟ್ ಹೋ ಮನ್ ಕ್ವಾಕ್ ಎಂಬ ವೈದ್ಯರ ಪತ್ರ ಅಚ್ಚಾಯಿತು. ಅಮೆರಿಕದ ಚೀನೀ ಹೋಟೆಲುಗಳಲ್ಲಿ ಉಂಡಾಗ ತಮಗೆ ಕತ್ತಿನ ಹಿಂಭಾಗದಲ್ಲಿ ಜೋಮು ಹಿಡಿದಂತಾಗಿ ಅದು ತೋಳು, ಬೆನ್ನುಗಳಿಗೆ ಹರಡುತ್ತದೆ, ನಿಶ್ಶಕ್ತಿಯೆನಿಸಿ ಎದೆ ಬಡಿತ ಜೋರಾಗುತ್ತದೆ ಎಂದು ಅವರು ಅದರಲ್ಲಿ ಬರೆದಿದ್ದರು. ಕಾರಣ ಇಂಥದ್ದೇ ಎಂದು ಅವರು ತೀರ್ಪು ಕೊಟ್ಟಿರಲಿಲ್ಲ. ಸೋಯಾ ಸಾಸ್ ಇರಬಹುದೇ, ಅಡುಗೆಗೆ ಬಳಸುವ ಮದ್ಯವೇ, ಮಾನೋಸೋಡಿಯಂ ಗ್ಲುಟಮೇಟ್ ಎಂಬ ರುಚಿಯ ಪುಡಿಯೇ (ಅಂದರೆ ಇದೇ ಅಜಿನೊಮೊಟೊ), ಅಥವಾ ಹೆಚ್ಚಿನ ಉಪ್ಪೇ ಎಂದು ಹಲವು ಸಾಧ್ಯತೆಗಳನ್ನು ಮುಂದಿಟ್ಟು, ಬಲ್ಲವರು ಯಾರಾದರೂ ಪರೀಕ್ಷಿಸಬೇಕೆಂದು ಕೋರಿದ್ದರು. ಒಬ್ಬ ವೈದ್ಯ ತನಗಾದ ಅನುಭವವನ್ನು ಹೇಳಿಕೊಂಡು ಪ್ರಶ್ನೆ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ಪತ್ರಕ್ಕೆ ಪತ್ರಿಕೆ ಕೊಟ್ಟ ತಲೆಬರಹ ‘ಚೀನೀ ಹೋಟೆಲಿನ ಕಾಯಿಲೆ’ ಎಂಬರ್ಥದ್ದಾಗಿತ್ತು. ಪ್ರಶ್ನೆಯನ್ನು ಜನ ಮರೆತರು, ತಲೆಬರಹ ಮಾತ್ರ ಉಳಿಯಿತು. ಮುಂದಿನ ವರ್ಷ, ಅಂದರೆ 1969ರಲ್ಲಿ, ಜಾನ್ ಓಲ್ನಿ ಎಂಬ ವಿಜ್ಞಾನಿ ಆಗತಾನೇ ಹುಟ್ಟಿದ ಇಲಿಮರಿಗಳಿಗೆ ಮಾನೋಸೋಡಿಯಂ ಗ್ಲುಟಮೇಟನ್ನು ಭಾರೀ ಪ್ರಮಾಣದಲ್ಲಿ ಚುಚ್ಚುಮದ್ದಿನ ಮೂಲಕ ಕೊಟ್ಟು ಮಿದುಳಿಗೆ ಹಾನಿಯಾದುದನ್ನು ವರದಿ ಮಾಡಿದರು. ಚಿಟಿಕೆಯಷ್ಟನ್ನು ಊಟದ ಜೊತೆ ತಿನ್ನುವುದಕ್ಕೂ, ಇಲಿಮರಿಯ ಚರ್ಮದಡಿಗೆ ಸೂಜಿಯಿಂದ ಹಾಯಿಸುವುದಕ್ಕೂ ಇರುವ ಅಂತರವನ್ನು ಯೋಚಿಸುವ ವ್ಯವಧಾನ ಆಗ ಯಾರಿಗೂ ಇರಲಿಲ್ಲವೆಂದು ಕಾಣುತ್ತದೆ.

ಹಾಗಾದರೆ ಈ ಪುಡಿ ಏನು? 1908ರಲ್ಲಿ ಜಪಾನಿನ ಟೋಕಿಯೋ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ ಅವರು, ಕೊಂಬು ಎಂಬ ಕಡಲಪಾಚಿಯನ್ನು ಹಾಕಿ ಕುದಿಸಿದ ಸಾರಿಗೆ ಬರುವ ವಿಶಿಷ್ಟ ರುಚಿ ಎಲ್ಲಿಂದ ಬರುತ್ತದೆಂದು ಹುಡುಕುತ್ತ ಹೋಗಿ ಗ್ಲುಟಮೇಟನ್ನು ಬೇರ್ಪಡಿಸಿದರು. ಸಿಹಿ, ಹುಳಿ, ಉಪ್ಪು, ಕಹಿಗಳಲ್ಲಿ ಯಾವುದಕ್ಕೂ ಸೇರದ ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಮರುವರ್ಷವೇ ಅದು ಅಜಿನೊಮೊಟೊ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಎಂದರೆ ಅದು ಚೀನೀ ಅಡುಗೆಯಿಂದ ಹುಟ್ಟಿದ ವಸ್ತುವೇ ಅಲ್ಲ. ಗ್ಲುಟಮೇಟ್ ಹಣ್ಣಾದ ಟೊಮ್ಯಾಟೊದಲ್ಲಿದೆ, ಅಣಬೆಯಲ್ಲಿದೆ, ಹಳೆಯದಾಗಿ ಮಾಗಿದ ಚೀಸಿನಲ್ಲಿ ಧಾರಾಳವಾಗಿದೆ, ಹುದುಗು ಬಂದ ಸೋಯಾ ಸಾಸಿನಲ್ಲಿದೆ. ತಾಯಿಯ ಎದೆಹಾಲಿನಲ್ಲಿ ಅದು ಹಸುವಿನ ಹಾಲಿನಲ್ಲಿರುವುದಕ್ಕಿಂತ ಹೆಚ್ಚಾಗಿದೆ. ಟೊಮ್ಯಾಟೊದಿಂದ ಬಂದ ಗ್ಲುಟಮೇಟ್ ಯಾವುದು, ಡಬ್ಬಿಯಿಂದ ಬಂದದ್ದು ಯಾವುದು ಎಂದು ನಮ್ಮ ದೇಹ ಬೇರೆ ಮಾಡಿ ನೋಡುವುದಿಲ್ಲ. ಇದೇ ವಸ್ತು ಪ್ಯಾಕೆಟ್ಟಿನ ಕುರುಕಲು ತಿಂಡಿಗಳಲ್ಲಿಯೂ ಪುಡಿ ಸೂಪುಗಳಲ್ಲಿಯೂ ಇರುತ್ತದೆ. ಅವುಗಳನ್ನು ತಿಂದವರು ಯಾರೂ ಅಂಗಡಿಯವರನ್ನು ನಿಲ್ಲಿಸಿ ವಿಚಾರಣೆ ಮಾಡಿದ್ದನ್ನು ನಾನು ಕಂಡಿಲ್ಲ.

ಪರೀಕ್ಷೆಗಳು ನಡೆಯದೆ ಏನೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹಾಗೂ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿಯು 1987ರಲ್ಲಿ ಇದನ್ನು ಪರಿಶೀಲಿಸಿ, ದಿನಕ್ಕೆ ಇಷ್ಟೇ ತಿನ್ನಬೇಕೆಂಬ ಮಿತಿಯನ್ನು ನಿಗದಿಪಡಿಸುವ ಅಗತ್ಯವಿಲ್ಲದ ಗುಂಪಿಗೆ ಸೇರಿಸಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಕೋರಿಕೆಯ ಮೇರೆಗೆ ತಯಾರಾಗಿ 1995ರಲ್ಲಿ ಬಂದ ವರದಿಯು, ಬೇರೆ ಯಾವ ಆಹಾರವೂ ಇಲ್ಲದೆ ಒಮ್ಮೆಗೇ 3 ಗ್ರಾಂ ಅಥವಾ ಅದಕ್ಕೂ ಹೆಚ್ಚು ಸೇವಿಸಿದಾಗ ಕೆಲವರಿಗೆ ತಲೆನೋವು, ಜೋಮು ಮುಂತಾದವು ಸ್ವಲ್ಪ ಹೊತ್ತು ಕಾಣಿಸಿಕೊಳ್ಳಬಹುದೆಂದು ಹೇಳಿತು. ಸಾಮಾನ್ಯವಾಗಿ ಒಬ್ಬರು ಉಣ್ಣುವ ಒಂದು ಪಾಲು ಊಟದಲ್ಲಿ ಇರುವುದು ಅರ್ಧ ಗ್ರಾಮಿಗಿಂತ ಕಡಿಮೆ. 2000ದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಈ ಪುಡಿ ತಮಗೆ ಒಗ್ಗುವುದಿಲ್ಲವೆಂದು ತಾವಾಗಿಯೇ ಹೇಳಿಕೊಂಡಿದ್ದ 130 ಮಂದಿಗೆ, ಯಾವುದರಲ್ಲಿ ಪುಡಿಯಿದೆ, ಯಾವುದರಲ್ಲಿ ಇಲ್ಲ ಎಂಬುದು ಕೊಡುವವರಿಗೂ ಕುಡಿಯುವವರಿಗೂ ತಿಳಿಯದಂತೆ ಪಾನೀಯ ಕೊಟ್ಟು ನೋಡಲಾಯಿತು. ಮತ್ತೆ ಮತ್ತೆ ಪರೀಕ್ಷಿಸಿದಾಗ ಅದೇ ಪರಿಣಾಮ ಅದೇ ವ್ಯಕ್ತಿಯಲ್ಲಿ ನೆಚ್ಚಿಕೊಳ್ಳುವ ಹಾಗೆ ಮರುಕಳಿಸಲಿಲ್ಲ. 2020ರಲ್ಲಿ ಮೆರಿಯಂ ವೆಬ್‌ಸ್ಟರ್ ನಿಘಂಟು ಕೂಡ ‘ಚೀನೀ ಹೋಟೆಲಿನ ಕಾಯಿಲೆ’ ಎಂಬ ಪದಕ್ಕೆ ತಾನು ಕೊಟ್ಟಿದ್ದ ಅರ್ಥವನ್ನು ತಿದ್ದಿಕೊಂಡಿತು. ನಿಘಂಟೇ ತಿದ್ದಿಕೊಂಡ ಮೇಲೆ ನಮ್ಮ ಪುರವಣಿ ಆ ಹಳೆಯ ಮಾತನ್ನು ಬಣ್ಣದ ಚುಕ್ಕೆಯಾಗಿಸಿ ಮತ್ತೆ ಅಚ್ಚು ಹಾಕಬಾರದಿತ್ತು.

ಇದನ್ನು ಬರೆಯುವಾಗ ನನ್ನ ಪ್ರೀತಿಯ ಹೋಟೆಲು ಎಂಬ ಕಾರಣಕ್ಕೆ ನಿಜವನ್ನು ಮುಚ್ಚಿಡುವ ಇಚ್ಛೆ ನನಗಿಲ್ಲ. ಉಂಡ ಮೇಲೆ ತಮಗೆ ಕಿರಿಕಿರಿಯಾಗುತ್ತದೆ ಎಂದು ಹೇಳುವವರೆಲ್ಲ ಸುಳ್ಳು ಹೇಳುತ್ತಾರೆಂದು ನಾನು ಭಾವಿಸಿಲ್ಲ. ಅಂಥವರು ಬೇಡವೆಂದು ಹೇಳಿದರೆ ಹಾಕದೆ ಮಾಡಿಕೊಡುವುದು ಅಡುಗೆಯವರ ಕರ್ತವ್ಯವೇ. ಸೋಯಾ ಸಾಸಿನಲ್ಲಿ ಉಪ್ಪು ಬಹಳವಿರುತ್ತದೆ, ರಕ್ತದೊತ್ತಡ ಇರುವವರು ಅದರ ಬಗ್ಗೆ ಎಚ್ಚರ ವಹಿಸಲೇಬೇಕು. ಅಡುಗೆಯ ಉಪ್ಪಿನಲ್ಲಿರುವ ಸೋಡಿಯಂನ ಮೂರನೆಯ ಒಂದು ಪಾಲಷ್ಟು ಮಾತ್ರ ಈ ರುಚಿಯ ಪುಡಿಯಲ್ಲಿರುತ್ತದೆ ಎಂಬುದು ಅಂಥವರಿಗೆ ಉಪಯೋಗಕ್ಕೆ ಬರುವ ಮಾತು. ನಿಜವಾಗಿ ವಿಚಾರಿಸಬೇಕಾದ ಸಂಗತಿಯೊಂದು ಬೇರೆಯೇ ಇದೆ, ಅದನ್ನು ಯಾವ ಪಟ್ಟಿಯೂ ಕೇಳುವುದಿಲ್ಲ. ಫ್ರೈಡ್ ರೈಸ್‌ಗೆ ಅನ್ನವನ್ನು ಮೊದಲೇ ಮಾಡಿ ಆರಿಸಿಡುತ್ತಾರೆ, ಏಕೆಂದರೆ ತಣ್ಣಗಾದ ಅನ್ನದ ಪಿಷ್ಟ ಗಟ್ಟಿಯಾಗಿ ಅಗುಳು ಅಗುಳಾಗಿ ನಿಲ್ಲುತ್ತದೆ. ಬಿಸಿಯನ್ನದಲ್ಲಿ ಮಾಡಿದರೆ ಮುದ್ದೆಯಾಗುತ್ತದೆ. ಹಾಗೆ ಮಾಡಿಟ್ಟ ಅನ್ನವನ್ನು ಬೇಗ ತಣಿಸಿ ಫ್ರಿಜ್ಜಿನಲ್ಲಿಡದೆ ಗಂಟೆಗಟ್ಟಲೆ ಹೊರಗೇ ಬಿಟ್ಟರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆದು ವಿಷವನ್ನು ಬಿಡುತ್ತದೆ, ಮತ್ತೆ ಹುರಿದರೂ ಆ ವಿಷ ಹೋಗುವುದಿಲ್ಲ. ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ಫ್ರೈಡ್ ರೈಸ್ ತಿಂದವರಿಗೆ ವಾಂತಿಯಾದ ಪ್ರಕರಣಗಳಿಂದ ಇದು ಗೊತ್ತಾಯಿತು. ಅನ್ನವನ್ನು ಯಾವಾಗ ಮಾಡಿದಿರಿ, ಎಲ್ಲಿಟ್ಟಿದ್ದಿರಿ ಎಂದು ಕೇಳುವುದು ಅಡುಗೆಮನೆಗೆ ಕೇಳಬೇಕಾದ ಪ್ರಶ್ನೆ. ನಾನು ಹೇಳುತ್ತಿರುವ ಹೋಟೆಲಿನಲ್ಲಿ ಸಂಜೆ ಬಾಗಿಲು ಹಾಕುವ ಮುನ್ನ ಅನ್ನವನ್ನು ಅಗಲವಾದ ತಟ್ಟೆಗಳಲ್ಲಿ ತೆಳ್ಳಗೆ ಹರಡಿ ಫ್ಯಾನಿನ ಕೆಳಗೆ ಆರಿಸಿ ಒಳಗಿಡುವುದನ್ನು ಯಜಮಾನರು ಒಮ್ಮೆ ಕರೆದೊಯ್ದು ತೋರಿಸಿದ್ದರು. ತಟ್ಟೆಗಳ ಅಂಚಿಗೆ ಆ ದಿನದ ತಾರೀಕು ಬರೆದ ಚೀಟಿ ಅಂಟಿಸಿದ್ದರು.

ಪುರವಣಿಯ ಟಿಪ್ಪಣಿಯನ್ನು ಓದಿದರೆ, ಪಟ್ಟಿ ತಯಾರಿಸಿದವರು ಅಲ್ಲಿಗೆ ಹೋಗಿ ಕುಳಿತು ಉಂಡಿಲ್ಲ, ಊಟವನ್ನು ಕಟ್ಟಿಸಿ ತರಿಸಿಕೊಂಡಿದ್ದಾರೆ ಎಂಬುದು ತಿಳಿಯುತ್ತದೆ. ‘ನೂಡಲ್ಸ್ ಮೆತ್ತಗಾಗಿತ್ತು’ ಎಂಬ ಅವರ ದೂರಿಗೆ ಅದೇ ಉತ್ತರ. ಚೀನೀ ಊಟ ಡಬ್ಬಿಯೊಳಗೆ ಕುಳಿತು ಕಾಯುವ ಊಟವಲ್ಲ. ನಾನು ಸಾಮಾನ್ಯವಾಗಿ ಕುಳಿತುಕೊಳ್ಳುವ ಮೇಜು ಅಡುಗೆಮನೆಯ ಕಿಟಕಿಗೆ ಎದುರಾಗಿರುವುದರಿಂದ ಅಲ್ಲಿ ನಡೆಯುವ ಕೆಲಸ ನನಗೆ ಕಾಣಿಸುತ್ತದೆ. ಎಣ್ಣೆ ಸವರಿ ಕಾಯಿಸಿ, ಮತ್ತೆ ಸವರಿ ಮತ್ತೆ ಕಾಯಿಸಿ, ವರ್ಷಗಳ ಕಾಲ ಹೀಗೆಯೇ ಪಳಗಿದ ಆ ತೆಳುವಾದ ಉಕ್ಕಿನ ಬಾಣಲೆ ಕಪ್ಪು ಕನ್ನಡಿಯ ಹಾಗಿದೆ. ಕೆಳಗಿನ ಉರಿಯ ಸದ್ದು ಎಷ್ಟೆಂದರೆ ಒಳಗಿರುವವರು ಒಬ್ಬರಿಗೊಬ್ಬರು ಕೂಗಿಯೇ ಮಾತಾಡಬೇಕು. ತರಕಾರಿ ಒಂದೇ ಅಳತೆಗೆ ಹೆಚ್ಚಿಟ್ಟಿರುತ್ತದೆ, ಬೆಳ್ಳುಳ್ಳಿ, ಶುಂಠಿ, ಈರುಳ್ಳಿ ದಂಟು ಕೈಗೆ ಸಿಗುವಂತೆ ಬಟ್ಟಲುಗಳಲ್ಲಿರುತ್ತವೆ, ತೆಳ್ಳಗೆ ಕೊಯ್ದ ಕೋಳಿಮಾಂಸವನ್ನು ಮೊಟ್ಟೆಯ ಬಿಳಿ ಮತ್ತು ಕಾರ್ನ್‌ಫ್ಲೋರಿನಲ್ಲಿ ನೆನೆಸಿ ಎಣ್ಣೆಯಲ್ಲಿ ಒಂದು ಕ್ಷಣ ಹಾಯಿಸಿ ತೆಗೆದಿಟ್ಟಿರುತ್ತಾರೆ. ಆ ತೆಳು ಹೊದಿಕೆಯೇ ಒಳಗಿನ ರಸವನ್ನು ಹಿಡಿದಿಟ್ಟು ಮಾಂಸವನ್ನು ರೇಷ್ಮೆಯಂತೆ ನಯವಾಗಿಸುತ್ತದೆ. ಇಷ್ಟೆಲ್ಲ ಸಿದ್ಧವಾದ ಮೇಲೆ ಬಾಣಲೆಯ ಮೇಲಿನ ಕೆಲಸ ಎರಡು ಮೂರು ನಿಮಿಷದ್ದು. ಅನ್ನವನ್ನು ಗಾಳಿಗೆ ಎಸೆದು ಹಿಡಿಯುವ ಆ ಚಲನೆಯನ್ನು ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಹಂಗ್-ಟಾಂಗ್ ಕೋ ಮತ್ತು ಡೇವಿಡ್ ಹೂ ಎಂಬ ಸಂಶೋಧಕರು ಚಿತ್ರೀಕರಿಸಿ ಅಳೆದು 2020ರಲ್ಲಿ ಪ್ರಕಟಿಸಿದ್ದಾರೆ: ನುರಿತ ಅಡುಗೆಯವರ ಬಾಣಲೆ ಒಂದು ಸೆಕೆಂಡಿಗೆ ಸುಮಾರು ಮೂರು ಬಾರಿ ತೂಗುತ್ತದೆ, ಅಗುಳುಗಳು ಗಾಳಿಯಲ್ಲಿ ತುಸು ತಣಿದು ಮತ್ತೆ ಬಿಸಿಗೆ ಬೀಳುವುದರಿಂದ ಅನ್ನ ಕಂದುತ್ತದೆಯೇ ಹೊರತು ಸೀಯುವುದಿಲ್ಲ. ಚೀನೀ ಹೋಟೆಲುಗಳ ಅಡುಗೆಯವರಲ್ಲಿ ಭುಜದ ನೋವು ಅತಿ ಸಾಮಾನ್ಯವೆಂಬುದನ್ನೂ ಅವರು ಗಮನಿಸಿದ್ದರು. ಇಲ್ಲಿನ ಹಿರಿಯ ಅಡುಗೆಯವರು ಎರಡು ತಟ್ಟೆ ಊಟದ ನಡುವೆ ಬಲಗೈಯನ್ನು ಬೆನ್ನಿಗೆ ಒತ್ತಿ ಹಿಡಿದು ನಿಲ್ಲುವುದನ್ನು ನಾನು ನೋಡಿದ್ದೇನೆ.

ಆ ಉರಿ, ಆ ಎಣ್ಣೆ, ಆ ಎಸೆತ ಸೇರಿ ಬರುವ ಸ್ವಲ್ಪ ಹೊಗೆಯ ವಾಸನೆಯ ರುಚಿಗೆ ದಕ್ಷಿಣ ಚೀನಾದ ಕ್ಯಾಂಟನೀಸರು ವೊಕ್ ಹೇ ಎನ್ನುತ್ತಾರೆ. ಬಾಣಲೆಯ ಉಸಿರು ಎಂದು ಅದರ ಅರ್ಥ. ಆ ಉಸಿರಿನ ಆಯುಷ್ಯ ಕೆಲವೇ ನಿಮಿಷಗಳು. ಕಿಟಕಿಯಿಂದ ನನ್ನ ಮೇಜಿಗೆ ಬರುವವರೆಗೆ ಅದು ಇರುತ್ತದೆ, ಮುಚ್ಚಿದ ಡಬ್ಬಿಯೊಳಗೆ ಅದೇ ಹಬೆ ನೀರಾಗಿ ಇಳಿದು ನೂಡಲ್ಸನ್ನು ಮೆತ್ತಗೆ ಮಾಡುತ್ತದೆ. ಮನೆಗೆ ತರಿಸಿಕೊಳ್ಳಲೇಬಾರದೆಂದು ನಾನು ಹೇಳುತ್ತಿಲ್ಲ. ನಡೆಯಲಾಗದವರಿಗೆ, ಬಿಡುವಿಲ್ಲದವರಿಗೆ ಅದು ದೊಡ್ಡ ಅನುಕೂಲ. ಒಂದು ಹೋಟೆಲಿನ ಯೋಗ್ಯತೆಯನ್ನು ಅಳೆಯಲು ಹೊರಟವರು ಮಾತ್ರ ಅಷ್ಟು ದೂರ ಹೋಗಿ ಕುಳಿತುಕೊಳ್ಳಬೇಕು.

ಕುಳಿತು ಉಣ್ಣುವವರಿಗೆ ಸಿಗುವುದು ಬಿಸಿಯೂಟ ಮಾತ್ರವಲ್ಲ. ಮೊದಲು ಬರುವುದು ಹಿಡಿಯಿಲ್ಲದ ಚಿಕ್ಕ ಬಟ್ಟಲುಗಳು, ಮಲ್ಲಿಗೆಯ ಪರಿಮಳದ ಚಹಾ. ಕುಡಿದು ಮುಗಿದಾಗ ಯಾರನ್ನೂ ಕರೆಯಬೇಕಿಲ್ಲ. ಚಹಾ ಪಾತ್ರೆಯ ಮುಚ್ಚಳವನ್ನು ಓರೆಯಾಗಿ ತೆರೆದಿಟ್ಟರೆ ಬಂದು ಬಿಸಿನೀರು ತುಂಬಿಸುತ್ತಾರೆ. ಚಹಾ ಬಗ್ಗಿಸಿದವರಿಗೆ ಮೇಜಿನ ಮೇಲೆ ಎರಡು ಬೆರಳುಗಳಿಂದ ಮೆಲ್ಲನೆ ತಟ್ಟಿ ವಂದನೆ ಹೇಳುವ ಕ್ಯಾಂಟನೀಸ್ ಪದ್ಧತಿಯನ್ನು ಯಜಮಾನರ ತಾಯಿ ನನಗೆ ಕಲಿಸಿದ್ದರು. ಅವರು ತೀರಿಕೊಂಡು ಬಹಳ ವರ್ಷಗಳಾದವು, ಆ ಬೆರಳಿನ ಅಭ್ಯಾಸ ಇನ್ನೂ ಹೋಗಿಲ್ಲ. ಮೂಲೆಯಲ್ಲಿರುವ ದೊಡ್ಡ ದುಂಡುಮೇಜಿನ ನಡುವೆ ತಿರುಗುವ ತಟ್ಟೆಯಿದೆ. ಮಕ್ಕಳು ಅದನ್ನು ಆಟಿಕೆಯೆಂದುಕೊಳ್ಳುತ್ತಾರೆ, ಆದರೆ ಅದರ ಹಿಂದೆ ಒಬ್ಬ ವೈದ್ಯರ ಕಾಳಜಿಯಿದೆ. 1910-11ರಲ್ಲಿ ಈಶಾನ್ಯ ಚೀನಾದ ಮಂಚೂರಿಯಾದಲ್ಲಿ ಪ್ಲೇಗನ್ನು ಹತೋಟಿಗೆ ತಂದ ಡಾ. ವು ಲಿಯೆನ್-ಟೆ ಅವರು, ಒಂದೇ ಪಾತ್ರೆಗೆ ಎಲ್ಲರೂ ತಮ್ಮ ಚಾಪ್‌ಸ್ಟಿಕ್ ಅದ್ದಿ ಉಣ್ಣುವುದರಿಂದ ರೋಗ ಹರಡುತ್ತದೆಂದು ಕಂಡು, ತಿರುಗುವ ತಟ್ಟೆಯ ಮೇಲೆ ಪದಾರ್ಥಗಳನ್ನಿಟ್ಟು ಒಂದೊಂದಕ್ಕೂ ಬೇರೆ ಚಮಚ ಇಡಬೇಕೆಂದು 1915ರ ಹೊತ್ತಿಗೆ ಪ್ರಚಾರ ಮಾಡಿದರು. ಹಂಚಿ ಉಣ್ಣುವ ಸಂತೋಷವೂ ಉಳಿಯಬೇಕು, ಆರೋಗ್ಯವೂ ಕೆಡಬಾರದು ಎಂಬ ಅವರ ಯೋಚನೆ ಎಷ್ಟು ಚೆಂದದ್ದು! ಇಂಥ ಊಟಕ್ಕೆ ಇಬ್ಬರು ಹೋದರೆ ಇಬ್ಬರೂ ಒಂದೊಂದು ಫ್ರೈಡ್ ರೈಸ್ ಹೇಳಿ ತಮ್ಮ ತಮ್ಮ ತಟ್ಟೆಗೆ ತಲೆ ಬಗ್ಗಿಸುವುದು ಅದರ ರೀತಿಯಲ್ಲ. ಒಂದು ಸೂಪು, ಒಂದು ಹಬೆಯಲ್ಲಿ ಬೆಂದದ್ದು, ಬೆಳ್ಳುಳ್ಳಿ ಹಾಕಿ ಹುರಿದ ಸೊಪ್ಪು, ಸಾಸಿನಲ್ಲಿ ಮಾಡಿದ ತೋಫು ಅಥವಾ ಮಾಂಸ ಒಂದು, ಜೊತೆಗೆ ಬಿಳಿ ಅನ್ನ ಎಂದು ಹೇಳಿ ನಡುವೆ ಇಟ್ಟುಕೊಂಡರೆ, ಬೆಂದದ್ದರ ಸಪ್ಪೆ ಹುರಿದದ್ದರ ಖಾರವನ್ನು ತಣಿಸುತ್ತದೆ. ಇವತ್ತು ಯಾವುದು ಚೆನ್ನಾಗಿದೆಯೆಂದು ಅಡುಗೆಯವರನ್ನೇ ಕೇಳಿದರೆ, ಅಚ್ಚಾದ ಪಟ್ಟಿಯಲ್ಲಿ ಇಲ್ಲದ ಒಂದು ಪದಾರ್ಥ ಎಷ್ಟೋ ಸಲ ಮೇಜಿಗೆ ಬರುವುದುಂಟು.

ಪುರವಣಿಯ ಇನ್ನೊಂದು ಟೀಕೆ, ಆ ಹೋಟೆಲಿನ ಊಟ ‘ಅಸಲಿ ಚೀನೀ ಊಟವಲ್ಲ’ ಎಂಬುದು. ಇದಕ್ಕೆ ದೀರ್ಘವಾಗಿ ಉತ್ತರಿಸುವ ಅಗತ್ಯ ಕಾಣುವುದಿಲ್ಲ. ಸಿಚುವಾನಿನ ಖಾರ, ಕ್ಯಾಂಟನ್ನಿನ ಹದವಾದ ಹಬೆಯಡುಗೆ, ಉತ್ತರದ ಗೋಧಿ ನೂಡಲ್ಸು, ಹೀಗೆ ಚೀನಾದೊಳಗೇ ಒಂದು ಊಟವೆಂಬುದಿಲ್ಲ. ಅಮೆರಿಕದಲ್ಲಿ ಮನೆಮಾತಾಗಿರುವ ‘ಜನರಲ್ ತ್ಸೋ ಕೋಳಿ’ ಎಂಬ ತಿನಿಸನ್ನು ಮೊದಲು ಮಾಡಿದವರು ಹುನಾನಿನಿಂದ ತೈವಾನಿಗೆ ವಲಸೆ ಹೋದ ಪೆಂಗ್ ಚಾಂಗ್-ಕ್ವೆ ಎಂಬ ಬಾಣಸಿಗರು, ಅದೂ 1950ರ ದಶಕದಲ್ಲಿ. ಅವರು ಮಾಡಿದ್ದರಲ್ಲಿ ಇಲ್ಲದ ಸಿಹಿ ನ್ಯೂಯಾರ್ಕಿಗೆ ಹೋದ ಮೇಲೆ ಸೇರಿಕೊಂಡಿತು. ಊರು ಬಿಟ್ಟವರು ಹೋದಲ್ಲಿ ಸಿಕ್ಕಿದ್ದರಿಂದ, ಅಲ್ಲಿನವರ ನಾಲಿಗೆಗೆ ಒಗ್ಗುವಂತೆ ಮಾಡಿ ಬಡಿಸಿದ ಅಡುಗೆಯೂ ಅಡುಗೆಯೇ.

ಹಳತು ಎಂಬುದನ್ನು ಆ ಪಟ್ಟಿ ಒಂದು ಕೊರತೆಯೆಂಬಂತೆ ಬರೆದಿರುವುದು ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುತ್ತಿದೆ. ಚೀನೀ ಹೋಟೆಲೊಂದು ಹಳತಾಗುವುದು ಸುಲಭದ ಮಾತಲ್ಲ. ಕ್ಯಾಲಿಫೋರ್ನಿಯಾದಲ್ಲಿ ಚಿನ್ನಕ್ಕಾಗಿ ಜನ ಮುಗಿಬಿದ್ದ ಕಾಲದಲ್ಲಿ, 1849ರಲ್ಲಿಯೇ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ಹೋಟೆಲು ತೆರೆದಿತ್ತು. 1882ರಲ್ಲಿ ಅಮೆರಿಕ ಚೀನೀ ಕೂಲಿಕಾರರ ಪ್ರವೇಶವನ್ನೇ ಕಾನೂನಿನಿಂದ ನಿಷೇಧಿಸಿತು. ವ್ಯಾಪಾರಿಗಳಿಗೆ ಮಾತ್ರ ಬಂದು ಹೋಗುವ ಅವಕಾಶವಿತ್ತು. 1915ರಲ್ಲಿ ನ್ಯಾಯಾಲಯವೊಂದು ಹೋಟೆಲಿನ ಮಾಲೀಕರನ್ನೂ ಆ ವ್ಯಾಪಾರಿಗಳ ಸಾಲಿಗೆ ಸೇರಿಸಿದ ಮೇಲೆ, ಊಟದ ಮನೆ ತೆರೆಯುವುದು ಎಷ್ಟೋ ಜನರಿಗೆ ಕಾನೂನುಬದ್ಧವಾಗಿ ಅಲ್ಲಿ ನೆಲೆಸಲು, ಬಂಧುಗಳನ್ನು ಕರೆಸಿಕೊಳ್ಳಲು ಇದ್ದ ಕೆಲವೇ ದಾರಿಗಳಲ್ಲೊಂದಾಯಿತು. ಅಡುಗೆ ಗೊತ್ತಿಲ್ಲದವರೂ ಬಾಣಲೆ ಹಿಡಿದರು. ಮೊಂಟಾನಾ ರಾಜ್ಯದ ಬ್ಯೂಟ್ ಎಂಬ ಗಣಿಯೂರಿನಲ್ಲಿ 1911ರಿಂದ ನಡೆಯುತ್ತಿರುವ ಪೀಕಿನ್ ನೂಡಲ್ ಪಾರ್ಲರಿಗೆ 2023ರಲ್ಲಿ, ಅಮೆರಿಕದಲ್ಲಿ ಹೋಟೆಲು ಮತ್ತು ಬಾಣಸಿಗರಿಗೆ ಪ್ರಶಸ್ತಿ ಕೊಡುವ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನದ ಗೌರವ ಸಂದಿತು. ನ್ಯೂಯಾರ್ಕಿನ ಡಾಯರ್ಸ್ ರಸ್ತೆಯ ನಾಮ್ ವಾ ಟೀ ಪಾರ್ಲರ್ 1920ರಿಂದ ಡಿಮ್ ಸಮ್ ಎಂಬ ಚಿಕ್ಕ ಚಿಕ್ಕ ತಿನಿಸುಗಳನ್ನು ಬಡಿಸುತ್ತಿದೆ. ಇವುಗಳ ನಡುವೆ ಹೆಸರಿಲ್ಲದೆ ಮುಚ್ಚಿಹೋದವು ಎಷ್ಟೋ. ದಿನಕ್ಕೆ ಹನ್ನೆರಡು ಗಂಟೆ ಉರಿಯ ಮುಂದೆ ನಿಂತ ತಂದೆತಾಯಿಗಳು ತಮ್ಮ ಮಕ್ಕಳು ಅಲ್ಲಿ ನಿಲ್ಲಬಾರದೆಂದೇ ಓದಿಸಿದರು, ಓದಿದ ಮಕ್ಕಳು ಬೇರೆ ಕೆಲಸಕ್ಕೆ ಹೋದರು; ಅದು ಆ ತಂದೆತಾಯಿಗಳ ಗೆಲುವು, ಆದರೆ ಅಡುಗೆಮನೆಯಲ್ಲಿ ಮುಂದಿನವರಿಲ್ಲ. ನಮ್ಮ ಯಜಮಾನರ ಮಗಳು ಚಿಕ್ಕವಳಿದ್ದಾಗ ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಹಿಂದಿನ ಮೇಜಿನಲ್ಲಿ ಕುಳಿತು ಲೆಕ್ಕ ಮಾಡುತ್ತಿದ್ದಳು. ಆಕೆ ಈಗ ಇಂಜಿನಿಯರು. ರಜೆಯಲ್ಲಿ ಬಂದಾಗ ಗಲ್ಲಾಪೆಟ್ಟಿಗೆಯ ಹಿಂದೆ ನಿಲ್ಲುತ್ತಾಳೆ, ಬಾಣಲೆಯ ಮುಂದೆ ನಿಲ್ಲಲು ಅಪ್ಪ ಬಿಡುವುದಿಲ್ಲ.

ಇಂಥ ಹೋಟೆಲುಗಳ ಉಸಿರು ಇರುವುದು ಮಧ್ಯಾಹ್ನದಲ್ಲಿ. ರಾತ್ರಿಯ ಊಟಕ್ಕೆ ಜನ ಹೊಸ ಜಾಗಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಮಧ್ಯಾಹ್ನಕ್ಕೆ ಬರುವವರು ಅದೇ ಕಚೇರಿಯವರು, ಅದೇ ಅಂಗಡಿಯವರು, ನಿವೃತ್ತರಾದ ಮೇಲೂ ಅಭ್ಯಾಸ ಬಿಡದವರು. ಅವರಲ್ಲಿ ನಾಲ್ಕು ಜನ ಒಂದು ಚುಕ್ಕೆಯನ್ನು ನೋಡಿ ಬರುವುದನ್ನು ನಿಲ್ಲಿಸಿದರೆ ಬೆಳಿಗ್ಗೆ ಹೆಚ್ಚಿಟ್ಟ ತರಕಾರಿ ಉಳಿದುಹೋಗುತ್ತದೆ. ಕಳೆದ ವಾರ ಒಂದೂವರೆ ಗಂಟೆಯ ಹೊತ್ತಿಗೆ, ಎಂದೂ ಖಾಲಿ ಇರದ ಹೊತ್ತಿಗೆ, ನಾನು ಎಣಿಸಿದಂತೆ ಐದು ಮೇಜುಗಳು ಖಾಲಿಯಿದ್ದವು.

ಹಸಿರು ಚುಕ್ಕೆ ಪಡೆದವರಲ್ಲಿ ಯಾರಾದರೂ ನಿಜ ಹೇಳದೆ ಅದನ್ನು ಪಡೆದಿದ್ದಾರೆಯೇ ಎಂಬುದನ್ನು ನಾನು ಬಲ್ಲವನಲ್ಲ, ಯಾರ ಮೇಲೂ ಆರೋಪ ಹೊರಿಸುವುದು ನನಗೆ ಬೇಡ. ಆದರೆ ಪರೀಕ್ಷೆಯಿಲ್ಲದೆ, ಹೇಳಿದ್ದನ್ನು ನಂಬಿ ಅಂಕ ಕೊಡುವ ಅಂಕಣದಲ್ಲಿ ಶಿಕ್ಷೆಯಾಗುವುದು ಹೌದೆಂದು ಒಪ್ಪಿಕೊಂಡವರಿಗೆ ಮಾತ್ರ. ಆದ್ದರಿಂದ ಆ ಅಂಕಣವನ್ನು ಮುಂದಿನ ಪಟ್ಟಿಯಿಂದ ಕೈಬಿಡಬೇಕೆಂದೂ, ಅದರ ಜಾಗದಲ್ಲಿ ಏನನ್ನಾದರೂ ಕೇಳಲೇಬೇಕಿದ್ದರೆ ಅನ್ನವನ್ನು ಹೇಗೆ ತಣಿಸಿಡುತ್ತಾರೆ, ಎಣ್ಣೆಯನ್ನು ಎಷ್ಟು ಸಲ ಬಳಸುತ್ತಾರೆ, ಉಪ್ಪು ಕಡಿಮೆ ಮಾಡಿಕೊಡುತ್ತಾರೆಯೇ ಎಂದು ಕೇಳಬೇಕೆಂದೂ ವಿನಂತಿಸುತ್ತೇನೆ. ತಮ್ಮ ವರದಿಗಾರರು ಒಂದು ಮಧ್ಯಾಹ್ನ ಹೋಗಿ ಅಡುಗೆಮನೆಯ ಕಿಟಕಿಯ ಎದುರಿನ ಮೇಜಿನಲ್ಲಿ ಕುಳಿತು, ತಟ್ಟೆ ಬಂದ ಕೂಡಲೇ ಉಂಡು, ಆಮೇಲೆ ಏನು ಬರೆದರೂ ನನ್ನ ತಕರಾರಿಲ್ಲ. ತಿದ್ದಿದ ಪಟ್ಟಿಯನ್ನು ತಾವು ಪ್ರಕಟಿಸಿದ ದಿನ ಅದನ್ನು ಕತ್ತರಿಸಿ ಯಜಮಾನರ ಕೈಗೆ ನಾನೇ ಕೊಟ್ಟು ಬರುತ್ತೇನೆ. ಬಾಗಿಲ ಪಕ್ಕದಲ್ಲಿ ಈಗಿರುವ ಚೀಟಿಯನ್ನು ತೆಗೆದರೆ ಆ ಜಾಗಕ್ಕೆ ಅದು ಸರಿಯಾಗಿ ಹಿಡಿಸುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಬಹುಕಾಲದ ಓದುಗ